ತವರಿನ ಬಾಳೆಕಂದು

ಹೆಮ್ಮಿಗೆಯ ಪುಟ್ಟಬಸವಯ್ಯನ ಮನೆಯಲ್ಲಿ ದೇವರಕೋಣೆಗೂ ಇಲ್ಲದ ಮಡಿ ಆ ವರ್ಷ ಬಾಳೆಗಿಡಗಳಿಗೆ ಬಂದಿತ್ತು. ಹಿತ್ತಲ ಬಾಗಿಲು ದಾಟಿ ತೋಟಕ್ಕೆ ಕಾಲಿಡುವ ಮೊದಲು ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ತೊಟ್ಟಿಯಲ್ಲಿ ಪಾದ ಅದ್ದಬೇಕು. ಗುದ್ದಲಿ, ಕುಡುಗೋಲುಗಳನ್ನೂ ಅದ್ದಬೇಕು. ಕೊನೆಗೆ ಮನೆಯ ನಾಯಿ ಹುರುಳಿ ಕೂಡ ನಾಲ್ಕು ಕಾಲನ್ನೂ ಅದ್ದಿಸಿಕೊಂಡೇ ಒಳಗೆ ಹೋಗಬೇಕು. ಈ ಕಾನೂನು ಮಾಡಿದವಳು ಸೊಸೆ ಶ್ವೇತ. ಆ ತೊಟ್ಟಿ ಕಂಡರೆ ಮೈಯೆಲ್ಲ ಉರಿಯುತ್ತಿದ್ದವಳು ಅತ್ತೆ ರುದ್ರಮ್ಮ.

“ನಮ್ಮತ್ತೆ ಕಾಲ್ದಲ್ಲಿ ಮನೆ ಒಳಿಕೆ ಬರಾಕೆ ಕಾಲ್ ತೊಳ್ಕೋಬೇಕಿತ್ತು. ನನ್ ಸೊಸೆ ಕಾಲ್ದಲ್ಲಿ ಮನೆಯಿಂದ ಆಚಿಕೆ ಓಗಾಕೆ ತೊಳ್ಕೋಬೇಕು. ಇನ್ನೂ ಏನೇನ್ ನೋಡ್ಬೇಕೋ ಈ ಕಣ್ಣಲ್ಲಿ,” ಎಂದು ಅವಳು ಕೇಳುವವರಿದ್ದರೂ ಹೇಳುತ್ತಿದ್ದಳು, ಇಲ್ಲದಿದ್ದರೂ ಹೇಳುತ್ತಿದ್ದಳು.

ಒಂದು ಕಾಲಕ್ಕೆ ಆ ಸೀಮೆಯಲ್ಲಿ ಹಿತ್ತಲಲ್ಲಿ ರಸಬಾಳೆ ಇಲ್ಲದ ಮನೆ ಮನೆಯೇ ಅಲ್ಲ. ಆಮೇಲೆ ಸೊರಗು ರೋಗ ಬಂತು. ಎಲೆ ಹಳದಿಯಾಗಿ ಜೋತುಬಿದ್ದು, ದಿಂಡು ಬುಡದಲ್ಲಿ ಸೀಳಿ, ಗೊನೆ ಹಾಕುವ ಮೊದಲೇ ಗಿಡ ಸತ್ತುಹೋಗುತ್ತಿತ್ತು. ಆ ರೋಗ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ, ಔಷಧಿಯಿಲ್ಲ. ಜನ ಬಾಳೆಯ ಆಸೆ ಬಿಟ್ಟು ಭತ್ತ, ಕಬ್ಬು ಹಾಕಿಕೊಂಡರು. ಈಗ ಸಂಶೋಧನಾ ಕೇಂದ್ರದವರು ಸಾವಿರಾರು ಗಿಡಗಳಲ್ಲಿ ಆರಿಸಿ ಆರಿಸಿ, ರೋಗ ತಡೆಯಬಹುದೆನ್ನುವ ಒಂದು ರಸಬಾಳೆ ತಳಿ ತೆಗೆದು, ಲ್ಯಾಬಿನ ಬಾಟಲಿಗಳಲ್ಲಿ ಬೆಳೆಸಿದ್ದರು. ಅದನ್ನು ರೈತರ ಜಮೀನಿನಲ್ಲಿ ನೆಟ್ಟು ನೋಡಬೇಕಿತ್ತು.

ಶ್ವೇತ ಕೃಷಿಯಲ್ಲೇ ಬಿ.ಎಸ್ಸಿ. ಓದಿದ ನಂಜನಗೂಡಿನ ಹುಡುಗಿ. ಗಂಡ ಸೋಮಶೇಖರ್‌ಗೆ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಮದುವೆಯಾಗಿ ನಾಲ್ಕು ವರ್ಷದಿಂದ ಅಲ್ಲಿ ಬಿಲ್ಲು ಬರೆದುಕೊಂಡಿದ್ದವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ: ಹಿತ್ತಲಿಗೆ ಅಂಟಿದ ಭತ್ತದ ಅರ್ಧ ಎಕರೆ. ಮಾವ ಪುಟ್ಟಬಸವಯ್ಯ ಒಂದು ವಾರ ಗೊಣಗಿ ಕೊಟ್ಟರು. ಆಷಾಢದಲ್ಲಿ ಪ್ಲಾಸ್ಟಿಕ್ ಲೋಟದಷ್ಟೆತ್ತರದ ಗಿಡಗಳು ಬಂದು ಸಾಲಾಗಿ ನೆಲದಲ್ಲಿ ನಿಂತವು.

ರುದ್ರಮ್ಮನಿಗೆ ಜಮೀನು ಹೋಯಿತೆಂಬ ಸಂಕಟವಿರಲಿಲ್ಲ. ಅವಳ ಸಂಕಟ ಬೇರೆ.

“ಅಲ್ಲ ಕಣವ್ವ, ಈ ಗಿಡುಕ್ಕೆ ತಾಯಿ ಯಾವ್ದು?” ಎಂದು ಮುದ್ದೆ ತಿರುವುತ್ತಾ ಒಂದು ದಿನ ಕೇಳಿದಳು.

“ಲ್ಯಾಬಲ್ಲಿ ಮಾಡಿದ್ದು ಅತ್ತೆ. ಒಂದು ಚೂರು ಗೆಡ್ಡೆಯಿಂದ ನೂರಾರು ಗಿಡ ತೆಗೀತಾರೆ.”

“ಅಂಗಾದ್ರೆ ತಬ್ಬಲಿಗೋಳು ಅನ್ನು. ಬಾಳೆ ಅಂದ್ರೆ ತಾಯಿ ಪಕ್ಕ ಕಂದು, ಕಂದಿನ ಪಕ್ಕ ಮರಿ. ನಾನ್ ಈ ಮನೀಗ್ ಬಂದಾಗ ನಮ್ಮವ್ವ ಮಡ್ಲಕ್ಕಿ ಜತ್ಗೆ ಒಂದ್ ಕಂದು ಕೊಟ್ಟಿದ್ಲು. ತವರಿನ ಕಂದಿಲ್ದೆ ಬಾಳೆ ತೋಟ ಏಳಾಕಿಲ್ಲ.”

“ಹೊರಗಿನ ಒಂದು ಕಂದೂ ಇಲ್ಲಿಗೆ ಬರಬಾರದು ಅತ್ತೆ. ರೋಗ ಬರೋದೇ ಕಂದಿನ ಗೆಡ್ಡೇಲಿ, ಅದಕ್ಕಂಟಿದ ಮಣ್ಣಲ್ಲಿ. ದಯವಿಟ್ಟು.”

“ಆಯ್ತು ತಾಯಿ. ನಾನೇನ್ ಓದ್ದೋಳಾ, ಬರ್ದೋಳಾ,” ಎಂದು ರುದ್ರಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು.

ಗೌರಿಹಬ್ಬಕ್ಕೆ ವಾರವಿದ್ದಾಗ ಪಕ್ಕದ ಹೊಲದ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ನಡುಸಾಲಿನ ಒಂದು ಗಿಡವನ್ನು ಬುಡಮಟ್ಟ ತಿಂದುಹಾಕಿತು. ಶ್ವೇತ ಊಟ ಬಿಟ್ಟು ಕೂತಳು. “ಗೆಡ್ಡೆ ಉಳಿದಿದ್ರೆ ಚಿಗುರಬಹುದು,” ಎಂದು ಸಂಜೆಗೊಮ್ಮೆ ಹೋಗಿ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಚಿಗುರುವ ಲಕ್ಷಣವೇನೂ ಇರಲಿಲ್ಲ. ಸಾಲಿನ ನಡುವೆ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಹಬ್ಬದ ಹೊತ್ತಲ್ಲಿ ತೋಟ ಹೀಗಿರಬಾರದು ಎಂದು ರುದ್ರಮ್ಮನಿಗೆ ಅನ್ನಿಸಿತು. ಸೊಸೆಯ ಮುಖ ನೋಡಿ ಅಯ್ಯೋ ಪಾಪ ಎಂದೂ ಅನ್ನಿಸಿತು.

ರುದ್ರಮ್ಮ ಹಬ್ಬಕ್ಕೆ ಬಾಗಿನ ಈಸಿಕೊಳ್ಳಲು ಕವಲಂದೆಗೆ, ತವರಿಗೆ ಹೋದಳು. ತಮ್ಮ ಸಿದ್ದಮಲ್ಲಪ್ಪ ಸೀರೆ ಕೊಟ್ಟ, ಒಬ್ಬಟ್ಟು ಕಟ್ಟಿಕೊಟ್ಟ. ಹೊರಡುವಾಗ ಅವಳು ಹಿತ್ತಲಿಗೆ ಹೋಗಿ ನಿಂತಳು. ಅವ್ವನ ಕಾಲದ ರಸಬಾಳೆ ಮೆಳೆ ಅಲ್ಲಿ ಇನ್ನೂ ಇತ್ತು.

“ಒಂದೆರಡು ಗಿಡ ಯಾಕೋ ಹಳ್ದಿ ತಿರುಗ್ತಾ ಅವೆ ಕಣಕ್ಕ. ಇದು ಚೆನ್ನಾಗದೆ ತಗೋ,” ಎಂದು ಸಿದ್ದಮಲ್ಲಪ್ಪ ಹಾರೆ ಹಾಕಿ ಒಂದು ಸಣ್ಣ ಕಂದು ಎಬ್ಬಿಸಿಕೊಟ್ಟ. ಹೆಣ್ಣುಮಗಳು ತವರಿನಲ್ಲಿ ಕಂದು ಕೇಳಿದರೆ ಇಲ್ಲವೆನ್ನುವ ಪದ್ಧತಿ ಆ ಕಡೆ ಇಲ್ಲ. ಕಂದು ಒಬ್ಬಟ್ಟಿನ ಬ್ಯಾಗಿನಲ್ಲೇ ಕೂತು ಎರಡು ಬಸ್ಸು ಬದಲಿಸಿ ಹೆಮ್ಮಿಗೆಗೆ ಬಂತು. ಶ್ವೇತ ಗಂಡನ ಜೊತೆ ಅಂಗಡಿಯಲ್ಲಿದ್ದಾಗ ರುದ್ರಮ್ಮ, ಶಾಸ್ತ್ರಕ್ಕೆ ತೊಟ್ಟಿಯಲ್ಲಿ ಕಾಲು ಅದ್ದಿಯೇ, ಕಂದಿನ ತಲೆ ಕೊಯ್ದು, ಆ ಖಾಲಿ ಜಾಗದಲ್ಲಿ ಗೆಡ್ಡೆಯನ್ನು ಮಣ್ಣು ಮುಚ್ಚಿ ಊರಿದಳು. ಸೊಸೆ ಬಂದ ಮೇಲೆ ಹೇಳಿ, ನಾಲ್ಕು ಮಾತು ಬೈಸಿಕೊಂಡರಾಯಿತು ಎಂದುಕೊಂಡಿದ್ದಳು.

ಆದದ್ದು ಬೇರೆ. ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಎನ್ನುವುದರಲ್ಲೇ ದಿನ ಕಳೆದವು. ಹೊಸ ಸುಳಿ ಬಿಟ್ಟ ದಿನ ಶ್ವೇತ ತೋಟದಿಂದ ಓಡಿಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

“ಅತ್ತೆ, ಚಿಗುರಿಬಿಟ್ಟಿದೆ! ಗೆಡ್ಡೆ ಬದುಕಿತ್ತು! ಎಂಥ ಗಟ್ಟಿ ತಳಿ ನೋಡಿ ಇದು!”

ಮದುವೆಯಾದ ಮೇಲೆ ಆ ಹುಡುಗಿ ಹಾಗೆ ನಕ್ಕದ್ದನ್ನು ರುದ್ರಮ್ಮ ನೋಡಿರಲಿಲ್ಲ. ನಾಲಗೆಯ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. “ಊಂ ಕಣವ್ವ, ಒಳ್ಳೇದಾಯ್ತು,” ಎಂದಳು. ಒಳಗೊಳಗೇ ತವರಿನ ಕಂದಿನ ಬಗ್ಗೆ ಹೆಮ್ಮೆಯೂ ಆಯಿತು, ಸುಳ್ಳೇನು!

ದಸರೆಗೆ ಮಗಳು ಶಿವಾನಿ ಬಂದಳು. ಪಶುವೈದ್ಯಕೀಯ ಓದಿನ ಕೊನೆಯ ವರ್ಷ. ಬ್ಯಾಗು ಇಳಿಸುವ ಮೊದಲೇ ಅವಳ ಕಣ್ಣು ಜಗಲಿಯ ಮೇಲೆ ಕೂತು ಒಂದೇ ಸಮನೆ ಪಾದ ನೆಕ್ಕುತ್ತಿದ್ದ ಹುರುಳಿಯ ಮೇಲೆ ಬಿತ್ತು. ಬೆರಳುಗಳ ಸಂದು ಕೆಂಪಗೆ ಸುಲಿದಿತ್ತು, ಅಂಗಾಲು ಬಿರಿದಿತ್ತು, ಪಕ್ಕದಲ್ಲಿಟ್ಟ ಅನ್ನ ಮುಟ್ಟದೆ ಒಣಗಿತ್ತು.

“ಯಾರ್ ಮಾಡಿದ್ದು ಇದನ್ನ?”

“ಯಾರೂ ಮಾಡಿಲ್ಲ. ದಿನಾ ತೊಟ್ಟೀಲಿ ಅದ್ದಿಸ್ತೀವಿ, ಅಷ್ಟೇ,” ಎಂದಳು ಶ್ವೇತ.

“ಬ್ಲೀಚಿಂಗ್ ನೀರಲ್ಲಾ? ದಿನಾನಾ? ಅತ್ಗೆ, ನೀವು ಚಪ್ಪಲಿ ಹಾಕ್ಕೊಂಡು ಅದ್ದುತ್ತೀರ. ಅದು ಎಲ್ಲಿಂದ ಚಪ್ಪಲಿ ತರಬೇಕು? ಆ ಕಾಲನ್ನ ನೆಕ್ಕಿ ನೆಕ್ಕಿ ಹೊಟ್ಟೆಗೂ ಹೋಗಿರತ್ತೆ. ಅದಕ್ಕೇ ಅನ್ನ ಬಿಟ್ಟಿದೆ.”

“ಅದರ ಕಾಲಿನ ಮಣ್ಣಲ್ಲಿ ರೋಗ ಬಂದ್ರೆ ನನ್ನ ತೋಟನೇ ಹೋಗತ್ತೆ ಶಿವಾನಿ.”

“ತೋಟ ಹೋಗಬಾರದು ಅಂತ ನಾಯಿ ಹೋಗ್ಬೇಕಾ?”

“ಅಂಗ್ ಕೇಳು ಮಗಾ,” ಎಂದು ರುದ್ರಮ್ಮ ಒಲೆಯ ಮುಂದಿನಿಂದಲೇ ಉರಿಯುವ ಜಗಳಕ್ಕೆ ತುಪ್ಪ ಸುರಿದಳು.

ಶಿವಾನಿ ದಿನಕ್ಕೆರಡು ಸಲ ನಾಯಿಯ ಕಾಲನ್ನು ಬರೀ ನೀರಿನಲ್ಲಿ ತೊಳೆದು, ಒರೆಸಿ, ಮುಲಾಮು ಹಚ್ಚಿದಳು. ಮತ್ತೆ ನೆಕ್ಕದಂತೆ ಹಳೆಯ ಬಕೆಟ್ಟಿನ ತಳ ಕೊಯ್ದು ಕೊರಳಿಗೆ ತೊಡಿಸಿದಳು. ಊರಿನ ಜನಕ್ಕೆ ಎರಡು ದಿನ ಅದೇ ತಮಾಷೆ. ಪುಟ್ಟಬಸವಯ್ಯನವರಂತೂ, “ಏನಪ್ಪಾ ಉರುಳಿ, ಡ್ಯೂಟಿಗೆ ಓಯ್ತಿದ್ದೀಯಾ?” ಎಂದು ಕೇಳದೆ ಅದರ ಮುಂದೆ ಹಾಯುತ್ತಿರಲಿಲ್ಲ. ವಾಸಿಯಾಗುವವರೆಗೆ ನಾಯಿಯನ್ನು ತೊಟ್ಟಿಗೂ ಇಳಿಸಬಾರದು, ತೋಟಕ್ಕೂ ಬಿಡಬಾರದು ಎಂದು ತೀರ್ಮಾನವಾಯಿತು. ಆದರೆ ಬಕೆಟ್ ತೊಟ್ಟ ಹುರುಳಿ ಒಂದೆರಡು ಸಲ ಬೇಲಿ ನುಸುಳಿ ಬಾಳೆಯ ನೆರಳಲ್ಲಿ ಮಲಗಿದ್ದನ್ನು ಎಲ್ಲರೂ ನೋಡಿದರು.

ದೀಪಾವಳಿ ಕಳೆದು ನಾಲ್ಕಾರು ದಿನ. ಶಿವಾನಿ ಹಬ್ಬಕ್ಕೆ ಮತ್ತೆ ಬಂದವಳು ಇನ್ನೂ ಮನೆಯಲ್ಲೇ ಇದ್ದಳು. ಬೆಳಿಗ್ಗೆ ತೋಟಕ್ಕೆ ಹೋದ ಶ್ವೇತ ಬಹಳ ಹೊತ್ತು ಬರಲಿಲ್ಲ. ರುದ್ರಮ್ಮ ಹೋಗಿ ನೋಡಿದರೆ ಅವಳು ನಡುಸಾಲಿನಲ್ಲಿ ನೆಲದ ಮೇಲೇ ಕೂತಿದ್ದಳು. ತವರಿನ ಕಂದಿನ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದಿದ್ದವು. ದಿಂಡು ಬುಡದಲ್ಲಿ ಸೀಳಿತ್ತು. ತವರಿನ ಹಿತ್ತಲಲ್ಲಿ ಹಳದಿ ತಿರುಗುತ್ತಿದ್ದ ಗಿಡಗಳು ರುದ್ರಮ್ಮನಿಗೆ ನೆನಪಾದವು.

ಸಂಶೋಧನಾ ಕೇಂದ್ರದ ಸಿದ್ದರಾಜು ಮಧ್ಯಾಹ್ನವೇ ಬೈಕಿನಲ್ಲಿ ಬಂದರು. ದಿಂಡನ್ನು ಕೊಯ್ದು ತೋರಿಸಿದರು. ಬಿಳಿಯ ತಿರುಳಿನಲ್ಲಿ ತುಕ್ಕಿನ ಬಣ್ಣದ ಗೆರೆಗಳು.

“ಸೊರಗು ರೋಗವೇ. ಆದ್ರೆ ಇಷ್ಟು ದಿನ ಭತ್ತ ಬೆಳೆದ ಮಣ್ಣಿಗೆ ಎಲ್ಲಿಂದ ಬಂತು? ಹೊರಗಿನಿಂದ ಏನಾದ್ರೂ ಬಂದಿತ್ತಾ?”

ಎಲ್ಲರ ಕಣ್ಣೂ ನಿಧಾನವಾಗಿ ಹುರುಳಿಯ ಕಡೆ ತಿರುಗಿತು. ಅದು ಬಾಲ ಅಲ್ಲಾಡಿಸಿತು.

“ಪರೀಕ್ಷೆಗೆ ಕಳಿಸ್ತೀನಿ. ತೋಟ ಮುಂದುವರಿಸೋದೋ ಬೇಡವೋ ಮೇಲಿನವರನ್ನ ಕೇಳಿ ಹೇಳ್ಬೇಕು,” ಎಂದು ಸಿದ್ದರಾಜು ಹೊರಟರು.

ಆ ಸಂಜೆ ಮನೆ ಮನೆಯಾಗಿರಲಿಲ್ಲ. “ಕಾಲು ಅದ್ದಿಸಬೇಡಿ ಅಂದ್ರಲ್ಲ, ಈಗ ಸಮಾಧಾನವಾಯ್ತಾ?” ಎಂದು ಶ್ವೇತ ನಾದಿನಿಯನ್ನು ಕೇಳಿದಳು. “ನಾಯಿ ಕಾಲಲ್ಲೇ ಬಂತು ಅನ್ನೋದಕ್ಕೆ ಏನ್ ಆಧಾರ?” ಎಂದು ಕೇಳಿದ ಶಿವಾನಿ, ಉತ್ತರ ಬರುವ ಮೊದಲೇ ಅಳುತ್ತಾ ಒಳಗೆ ಹೋದಳು. ಅವಳಿಗೇ ಅನುಮಾನ ಶುರುವಾಗಿತ್ತು. ಸೋಮಶೇಖರ್ ಇಬ್ಬರ ನಡುವೆ ನಿಂತು, “ಊಟ ಮಾಡ್ರಮ್ಮ ಮೊದ್ಲು,” ಎಂದು ಯಾರಿಗೂ ಬೇಡದ ಮಾತೊಂದನ್ನು ಆಡಿದ. ಅವರೆಕಾಳಿನ ಸಾರು ಆರಿ ಕೆನೆ ಕಟ್ಟಿತು.

ಪುಟ್ಟಬಸವಯ್ಯನವರು ತೀರ್ಪು ಕೊಟ್ಟರು. “ನಾಯಿಯಿಂದ ಹೆಣ್ಮಕ್ಕಳ ಮಧ್ಯೆ ಜಗಳ ಬ್ಯಾಡ. ಆಲೆಮನೆ ಶಿವಣ್ಣ ಒಂದ್ ನಾಯಿ ಬೇಕು ಅಂತಿದ್ದ. ನಾಳಿದ್ದು ಬಂದು ತಕ್ಕೊಂಡೋಗ್ಲಿ.”

ಹುರುಳಿಯನ್ನು ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದರು. ಹುಟ್ಟಿದಾಗಿನಿಂದ ಸರಪಳಿ ಕಾಣದ ಪ್ರಾಣಿ. ರುದ್ರಮ್ಮ ಮಜ್ಜಿಗೆ ಅನ್ನ ಇಟ್ಟರೆ ಮೂಸಿಯೂ ನೋಡಲಿಲ್ಲ, ಅವಳ ಮುಖವನ್ನೇ ನೋಡಿತು. “ನನ್ ಯಾಕ್ಲಾ ಅಂಗ್ ನೋಡೀಯೆ?” ಎಂದು ಗದರಿ ಬಂದಳು. ಬಂದವಳಿಗೂ ತುತ್ತು ಇಳಿಯಲಿಲ್ಲ. ಹೇಳಿದರೆ ಸೊಸೆಯ ಕಣ್ಣಲ್ಲಿ ಈ ಜನ್ಮಕ್ಕೆ ಸಣ್ಣವಳಾಗುತ್ತೇನೆ. ಹೇಳದಿದ್ದರೆ ತನ್ನ ತಪ್ಪನ್ನು ಒಂದು ಮೂಗುಪ್ರಾಣಿ ಹೊತ್ತುಕೊಂಡು ಹೋಗುತ್ತದೆ, ಹೆತ್ತ ಮಗಳು ತಾನೇ ತಪ್ಪು ಮಾಡಿದೆನೆಂದು ಕೊರಗುತ್ತಾಳೆ. ಎರಡು ದಿನ ಅವಳು ಪಟ್ಟ ಪಾಡು ಹಗೆಗೂ ಬೇಡ.

ಶಿವಣ್ಣ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಎಲ್ಲರೂ ಬೆಳಗಿನ ರೊಟ್ಟಿಗೆ ಕೂತಿದ್ದರು. ಸರಪಳಿಯ ಸದ್ದು ಕೇಳಿತು. ಹುರುಳಿ ನಾಲ್ಕು ಕಾಲೂರಿ ನಿಂತು ಬರಲೊಲ್ಲೆನೆಂದು ಎಳೆಯುತ್ತಿತ್ತು. ರುದ್ರಮ್ಮ ಹಂಚಿನ ಮೇಲೆ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲೇ ಹೊರಗೆ ಹೋದಳು.

“ಬುಡ್ಲಾ ಶಿವಣ್ಣ ಅದನ್ನ. ಆ ರೋಗ ತಂದಿದ್ದು ನಾಯಲ್ಲ. ನಾನು.”

ಒಳಗಿದ್ದವರೆಲ್ಲ ಎದ್ದು ಬಂದರು. ಅವಳು ಕವಲಂದೆ, ಒಬ್ಬಟ್ಟಿನ ಬ್ಯಾಗು, ಕಂದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಶ್ವೇತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ನಾನು ಅವತ್ತು ಕುಣಿದಾಡಿದೆನಲ್ಲ ಅತ್ತೆ, ಚಿಗುರಿದೆ ಅಂತ. ಆಗಲಾದ್ರೂ ಹೇಳಬಹುದಿತ್ತಲ್ಲ.”

“ನೀನ್ ಕುಣಿದಾಡ್ದೆ ಅಂತಾವ ಏಳ್ಲಿಲ್ಲ ಕಣವ್ವ.”

ಶ್ವೇತ ಒಳಗೆ ಹೋಗಿ ಹಂಚಿನ ಮೇಲಿನ ರೊಟ್ಟಿ ಇಳಿಸಿದಳು. ಶಿವಾನಿ ನಾಯಿಯ ಸರಪಳಿ ಬಿಚ್ಚಿದಳು. ಶಿವಣ್ಣ ಇದು ತನ್ನ ಲೆಕ್ಕಕ್ಕೆ ಬರುವ ವ್ಯವಹಾರವಲ್ಲವೆಂದು ಟೆಂಪೋ ತಿರುಗಿಸಿಕೊಂಡ.

ಆಮೇಲಿನ ದಿನಗಳು ಕಷ್ಟದವು. ಸೊಸೆ ಬೈದಿದ್ದರೆ ರುದ್ರಮ್ಮ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು. ಶ್ವೇತ ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟಳು, ತಟ್ಟೆಗೆ ಬಡಿಸಿದಳು, ಮಾತ್ರೆ ನೆನಪಿಸಿದಳು. ಬೇರೆ ಮಾತಿಲ್ಲ. ನಾದಿನಿಯ ಹತ್ತಿರ ಮಾತ್ರ ಹೋಗಿ, “ತಪ್ಪಾಯ್ತು ಶಿವಾನಿ,” ಎಂದಳು. ಅವಳು, “ನಂದೂ ಸ್ವಲ್ಪ ಜೋರಾಯ್ತು ಅತ್ಗೆ,” ಎಂದಳು. ಇಬ್ಬರೂ ಸೇರಿ ತೋಟದ ಸುತ್ತ ಜಾಲರಿ ಕಟ್ಟಿಸಿದರು. ನಾಯಿ ಒಳಗೆ ಹೋಗದಿದ್ದರೆ ಅದರ ಕಾಲನ್ನು ಅದ್ದಿಸುವ ಪ್ರಶ್ನೆಯೇ ಇಲ್ಲವಲ್ಲ. ಇಷ್ಟು ಸುಲಭದ ಕೆಲಸ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಪುಟ್ಟಬಸವಯ್ಯ ಕೇಳಿದ್ದಕ್ಕೆ ಇಬ್ಬರೂ ಜಾಲರಿಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟರು.

ಸಿದ್ದರಾಜು ಮತ್ತೆ ಬಂದ ದಿನ ರುದ್ರಮ್ಮ ತಾನೇ ಮುಂದೆ ಹೋದಳು.

“ಸಾ, ತಪ್ಪು ನಂದು. ಅದ್ಕೆ ಏನ್ ಬೇಕಾದ್ರೂ ಅನ್ನಿ. ಆ ಮಗೀನ ತೋಟ ಮಾತ್ರ ಕಿತ್ತಾಕ್ಬ್ಯಾಡಿ.”

ಸಿದ್ದರಾಜು ತೊಟ್ಟಿಯ ಕಟ್ಟೆಯ ಮೇಲೆ ಕೂತರು. “ಎಲ್ಲ ಕೇಳಿದ್ದೀನಮ್ಮ. ನೋಡಿ, ರೈತರ ಒಳ್ಳೇ ಮಣ್ಣಿಗೆ ರೋಗ ತಂದು ಸುರಿಯೋ ಹಕ್ಕು ನಮಗಿಲ್ಲ. ಆದ್ರೆ ರೋಗನೇ ಇಲ್ಲದ ಕಡೆ ನಿಂತ ಗಿಡವನ್ನ ರೋಗ ತಡೆಯೋ ಗಿಡ ಅಂತ ಹೇಳೋದು ಹೇಗೆ? ಆ ಸತ್ತ ಕಂದಿನ ಸುತ್ತ ಎಂಟು ಗಿಡ ಇವೆ. ಈಗ ಅವು ನಿಜ ಹೇಳ್ತವೆ. ತೋಟ ಇರಲಿ ಅಂದಿದ್ದಾರೆ.”

“ಅಂಗಾದ್ರೆ ನಾನ್ ಮಾಡಿದ್ದು ಒಳ್ಳೇದೇ ಆಯ್ತಾ?”

“ಇಲ್ಲಮ್ಮ. ತಪ್ಪೇ. ಆ ಮಣ್ಣಲ್ಲಿ ಇನ್ನು ಮಾಮೂಲಿ ರಸಬಾಳೆ ನೆಡೋ ಹಾಗಿಲ್ಲ. ಈ ಗಿಡ ನಿಂತರೆ ಮಾತ್ರ ಬಚಾವು.”

ಮುಖಕ್ಕೆ ಹೊಡೆದಂತೆ ಹೇಳಿದರೂ ರುದ್ರಮ್ಮನಿಗೆ ಬದುಕಿದಂತಾಯಿತು. ರೋಗದ ಕಂದನ್ನು ಬೇರುಸಹಿತ ಕಿತ್ತು ಸುಟ್ಟು, ಗುಂಡಿಗೆ ಸುಣ್ಣ ಸುರಿದು, ನೀರು ಹರಿಯದಂತೆ ಸುತ್ತ ಬದು ಹಾಕಿದರು. ಅಂದಿನಿಂದ ಆ ಎಂಟು ಗಿಡಗಳ ಕಾವಲಿಗೆ ರುದ್ರಮ್ಮ ನಿಂತಳು. ಬೆಳಿಗ್ಗೆ ವಿಭೂತಿ ಧರಿಸಿದ ಮೇಲೆ ಮೊದಲ ಕೆಲಸ ತೊಟ್ಟಿಯಲ್ಲಿ ಕಾಲದ್ದಿ ಎಲೆ ನೋಡುವುದು. ಅವಳ ಮುಂದೆ ಸೊಸೆಯ ಕಾನೂನು ಏನೇನೂ ಅಲ್ಲ. ಅಭ್ಯಾಸಬಲದಿಂದ ಹಾಗೇ ಒಳಗೆ ನುಗ್ಗಿದ ಗಂಡನನ್ನು, “ಏನ್ರೀ, ಕಾಲ್ಗೆ ಮಣ್ ಮೆತ್ಕೊಂಡು ಎಲ್ಲಿಗೆ? ಆಚಿಗ್ ಬನ್ನಿ!” ಎಂದು ಬೀದಿಗೆ ಕೇಳುವಂತೆ ಗದರಿದಳು.

ಸಂಕ್ರಾಂತಿಯ ಹೊತ್ತಿಗೆ ಎಂಟರಲ್ಲಿ ಒಂದು ಹಳದಿಯಾಯಿತು. ರುದ್ರಮ್ಮ ಎಳ್ಳುಬೆಲ್ಲ ಬೀರಲು ಹೋಗದೆ ಆ ಗಿಡದ ಬುಡದಲ್ಲಿ ಕೂತು ಅತ್ತಳು. ಹಿಂದೆ ಯಾರೋ ಬಂದು ನಿಂತರು.

“ಏಳಿ ಅತ್ತೆ,” ಎಂದಳು ಶ್ವೇತ. “ಒಂದೂ ಹೋಗದೆ ಇದ್ರೆ ನಾನೇ ನಂಬ್ತಿರಲಿಲ್ಲ. ಮಾಮೂಲಿ ಬಾಳೆ ಆಗಿದ್ರೆ ಇಷ್ಟೊತ್ತಿಗೆ ಎಂಟೂ ಮಲಗಿರೋವು.”

“ನನ್ನಿಂದ ಕಣವ್ವ ಇದೆಲ್ಲ.”

“ಹೌದು, ನಿಮ್ಮಿಂದಲೇ. ಏನ್ ಮಾಡೋದು ಈಗ?” ಎಂದು ಅವಳು ಅತ್ತೆಯ ಪಕ್ಕದಲ್ಲಿ ಕೂತಳು. “ಎಳ್ಳು ತಿಂದ್ರಾ?” ಎಂದು ಸೆರಗಿನ ಗಂಟು ಬಿಚ್ಚಿ ಕೈಗೆ ಹಾಕಿದಳು. ರುದ್ರಮ್ಮ ಅಳುತ್ತಲೇ ತಿಂದಳು.

ಶಿವರಾತ್ರಿಗೆ ಇನ್ನೊಂದು ಹೋಯಿತು. ಉಳಿದ ಆರು ನಿಂತವು. ಬೇಸಿಗೆ ಕಳೆದು ಮಳೆ ಬರುವಾಗ ಆರೂ ಗೊನೆ ಹಾಕಿದವು. ಮೊದಲ ಹಣ್ಣನ್ನು ದೇವರ ಮುಂದಿಟ್ಟು ಎತ್ತಿ ಪುಟ್ಟಬಸವಯ್ಯನವರಿಗೆ ಕೊಟ್ಟರು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಮನೆಮಂದಿಯೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು.

“ಅದೇ ರುಚಿ ಕಣ್ಲಾ ಸೋಮ. ನಮ್ಮಪ್ಪ ತಿನ್ನಿಸ್ತಿದ್ನಲ್ಲ, ಅದೇಯ,” ಎಂದು ಇನ್ನೊಂದಕ್ಕೆ ಕೈಚಾಚಿದರು.

ಸಿದ್ದರಾಜು ಆ ದಿನ ಇನ್ನೊಂದು ವಿಷಯ ಎತ್ತಿದರು. ಈ ತಳಿಯನ್ನು ಇನ್ನು ರೋಗದಿಂದ ಪೂರ್ತಿ ಹಾಳಾದ ತೋಟಗಳಲ್ಲೇ ನೆಟ್ಟು ನೋಡಬೇಕು. ಅಂಥ ತೋಟ ಬಿಟ್ಟುಕೊಡುವವರು ಯಾರಾದರೂ ಗೊತ್ತೇ ಎಂದರು. ಸೋಮಶೇಖರ್ ಯೋಚಿಸುತ್ತಿದ್ದಾಗ ರುದ್ರಮ್ಮ ಥಟ್ಟನೆ, “ನಮ್ ತವರಲ್ಲಿ ಅದೆ,” ಎಂದಳು. “ನಮ್ಮವ್ವನ ಮೆಳೆ ಪೂರಾ ಓಯ್ತಂತೆ. ಮೊನ್ನೆ ನನ್ ತಮ್ಮ ಫೋನಲ್ಲಿ ಅತ್ತ.” ಆಮೇಲೆ ಸೊಸೆಯ ಕಡೆ ತಿರುಗಿ, “ನಮ್ ತೋಟದ್ದೇ ಒಂದೆರಡ್ ಕಂದು ಕಿತ್ಕೊಂಡೋಗಾನ?” ಎಂದಳು.

“ಅತ್ತೆ!”

“ಸುಮ್ಕೆ ಅಂದೆ ಕಣವ್ವ. ನಂಗೊತ್ತಿಲ್ವಾ? ಇಲ್ಲಿಂದ ಒಂದ್ ಕಡ್ಡೀನೂ ಆಚಿಗೋಗಂಗಿಲ್ಲ,” ಎಂದು ರುದ್ರಮ್ಮ ನಕ್ಕಳು.

ಮತ್ತೆ ಗೌರಿಹಬ್ಬ ಬಂತು. ಅತ್ತೆ ಸೊಸೆ ಇಬ್ಬರೂ ನರಸೀಪುರದಲ್ಲಿ, ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಕವಲಂದೆಗೆ ಹೋದರು. ಈ ಸಲ ಬ್ಯಾಗಿನಲ್ಲಿದ್ದದ್ದು ಲ್ಯಾಬಿನಿಂದ ನೇರವಾಗಿ ತಂದ ಸಸಿಗಳು, ಪ್ಲಾಸ್ಟಿಕ್ ಲೋಟದಲ್ಲಿ ಗೇಣೆತ್ತರ. ರುದ್ರಮ್ಮ ದಾರಿಯುದ್ದಕ್ಕೂ ಅವನ್ನು ಮಡಿಲಿನಿಂದ ಇಳಿಸಲಿಲ್ಲ. ಕಂಡಕ್ಟರ್ ಮೇಲಿಡಿ ಎಂದದ್ದಕ್ಕೆ, “ಮಕ್ಕಳ್ನ ಮೇಲಿಡ್ತಾರೇನಪ್ಪ?” ಎಂದಳು.

ಸಿದ್ದಮಲ್ಲಪ್ಪ ಬೋಳಾದ ಹಿತ್ತಲಿನಲ್ಲಿ ಗುಂಡಿ ತೆಗೆದಿಟ್ಟುಕೊಂಡಿದ್ದ. ಲೋಟದೊಳಗಿನ ಸಸಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ ಮುಖ ಬಾಡಿತು.

“ಅಲ್ಲಕ್ಕ, ಅವ್ವನ ಜಾಗ್ದಲ್ಲಿ ಇದನ್ ನೆಡಾದಾ? ಇದ್ಕೆ ತಾಯೇ ಇಲ್ವಲ್ಲ.”

ರುದ್ರಮ್ಮ ತಮ್ಮನ ಕೈಯಿಂದ ಸಸಿಯನ್ನು ಕಿತ್ತುಕೊಂಡು ಶ್ವೇತಳ ಕೈಗೆ ಕೊಟ್ಟಳು.

“ಕಣ್ ಕಾಣಾಕಿಲ್ವೇನ್ಲಾ? ಪಕ್ಕದಲ್ಲೇ ನಿಂತವ್ಳಲ್ಲ ತಾಯಿ! ಓಗು, ಮೊದ್ಲು ಕಾಲ್ ತೊಳ್ಕೊಂಡ್ ಬಾ.”